ಮಾದರಿ ರೈಲಿನ ಹಳಿ: ಎಷ್ಟು ಒರೆಸಬೇಕು, ಎಷ್ಟು ತಿಕ್ಕಬಾರದು

ಸರಾಗವಾಗಿ ಓಡುತ್ತಿದ್ದ ಪುಟ್ಟ ರೈಲು ತಿರುವಿನಲ್ಲಿ ಮುಗ್ಗರಿಸುತ್ತದೆ, ದೀಪ ಮಿಣುಕುತ್ತದೆ, ನಿಂತೇಬಿಡುತ್ತದೆ. ತುಸು ನೂಕಿದರೆ ಮತ್ತೆ ಹೊರಡುತ್ತದೆ. ಎಂಜಿನ್ ಬಿಚ್ಚಲು ಕೂರುವ ಮೊದಲು ಬಿಳಿ ಬಟ್ಟೆಯೊಂದನ್ನು ಹಳಿಯ ನೆತ್ತಿಯ ಮೇಲೆ ಎಳೆದು ನೋಡಿ. ಕಾಡಿಗೆಯಂಥ ಗೆರೆ ಮೂಡಿದರೆ ದೋಷ ಅಲ್ಲಿದೆ.

ಕಪ್ಪು ಎಲ್ಲಿಂದ ಬಂತು

ಎರಡು ಹಳಿಯ ಪದ್ಧತಿಯಲ್ಲಿ ಹಳಿಗಳೇ ತಂತಿಗಳು. ನೇರ ವಿದ್ಯುತ್ತಿನ ಸೆಟ್‌ಗಳಲ್ಲಿ ಸಾಮಾನ್ಯವಾಗಿ 12 ವೋಲ್ಟ್‌ವರೆಗಿನ ವಿದ್ಯುತ್ ಒಂದು ಹಳಿಯಿಂದ ಚಕ್ರದ ಮೂಲಕ ಮೋಟಾರಿಗೆ ಹೋಗಿ, ಇನ್ನೊಂದು ಹಳಿಯಿಂದ ಮರಳುತ್ತದೆ. ಚಕ್ರ ಹಳಿಯನ್ನು ಮುಟ್ಟುವ ಜಾಗ ಸಾಸಿವೆ ಕಾಳಿಗಿಂತ ಚಿಕ್ಕದು. ಅಲ್ಲಿ ಸಂಪರ್ಕ ಕ್ಷಣಮಾತ್ರ ತಪ್ಪಿದರೂ ಕಣ್ಣಿಗೆ ಕಾಣದಷ್ಟು ಸಣ್ಣ ಕಿಡಿ ಹಾರಿ ಲೋಹ ಸುಟ್ಟು ಆಕ್ಸೈಡ್ ಆಗುತ್ತದೆ. ಅದರೊಡನೆ ಎಂಜಿನ್ನಿಗೆ ಹಾಕಿದ ಎಣ್ಣೆ, ಕೋಣೆಯ ದೂಳು, ಜಮಖಾನೆಯ ನೂಲು ಬೆರೆತು ಜಿಡ್ಡಾಗುತ್ತದೆ. ಬೋಗಿಗಳ ಪ್ಲಾಸ್ಟಿಕ್ ಚಕ್ರಗಳು ಅದನ್ನು ಊರೆಲ್ಲ ಹಂಚುತ್ತವೆ.

ಹಳಿಯ ಲೋಹ

ಇಂದಿನ ಹಳಿಗಳು ಹೆಚ್ಚಾಗಿ ನಿಕ್ಕಲ್ ಸಿಲ್ವರ್‌ನವು. ನಮ್ಮ ಪಾತ್ರೆ ಅಂಗಡಿಗಳಲ್ಲಿ ಜರ್ಮನ್ ಸಿಲ್ವರ್ ಎಂದು ಕರೆಯುವ ಲೋಹವೇ ಇದು: ತಾಮ್ರ, ನಿಕ್ಕಲ್, ಸತುವಿನ ಮಿಶ್ರಣ, ಬೆಳ್ಳಿ ಗುಲಗಂಜಿಯಷ್ಟೂ ಇಲ್ಲ. ಹಳೆಯ ಹಿತ್ತಾಳೆ ಹಳಿಗಳಿಗಿಂತ ಇದು ಕಿಲುಬು ಹಿಡಿಯುವುದು ಕಡಿಮೆ. ಹಾಗೆಂದು ಹಿತ್ತಾಳೆಯ ದೀಪಕ್ಕೆ ಹಾಕುವಂತೆ ಹುಣಸೆಹಣ್ಣು ಹಾಕಿ ಉಜ್ಜಬೇಡಿ. ಹುಳಿಯ ಅಂಶ ಸಂದಿಗಳಲ್ಲಿ ಉಳಿದು ಲೋಹವನ್ನು ತಿನ್ನುತ್ತದೆ.

ಒರೆಸುವ ಬಗೆ

ಮೊದಲು ವಿದ್ಯುತ್ ಆರಿಸಿ, ಕಿಟಕಿ ತೆರೆಯಿರಿ. ನೂಲು ಬಿಡದ ಬಟ್ಟೆಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹನಿಸಿ ಹಳಿಯ ಮೇಲ್ಮೈಯನ್ನೂ ಒಳಅಂಚನ್ನೂ ಒರೆಸಿ. ಬಟ್ಟೆ ಕಪ್ಪಾದೊಡನೆ ಮಗ್ಗುಲು ಬದಲಿಸಿ, ಇಲ್ಲದಿದ್ದರೆ ಒಂದೆಡೆಯ ಕೊಳೆಯನ್ನು ಇನ್ನೊಂದೆಡೆಗೆ ಬಳಿದಂತೆ. ಆಲ್ಕೋಹಾಲಿಗಿಂತ ಮಿನರಲ್ ಟರ್ಪೆಂಟೈನ್‌ನಂಥ ದ್ರಾವಕ ಒಳ್ಳೆಯದು, ಮತ್ತೆ ಕಪ್ಪಾಗುವುದು ತಡವಾಗುತ್ತದೆ ಎನ್ನುವವರೂ ಇದ್ದಾರೆ. ಯಾವುದೇ ಆದರೂ ಬೇಗ ಬೆಂಕಿ ಹತ್ತಿಕೊಳ್ಳುವ ವಸ್ತು. ಪೂರ್ತಿ ಆರುವವರೆಗೆ ರೈಲು ಬಿಡಬಾರದು.

ಮರಳುಕಾಗದದ ಆಸೆ ಬಿಡಿ. ಉಜ್ಜಿದ ಹಳಿ ಆ ದಿನ ಕನ್ನಡಿಯಂತೆ ಹೊಳೆಯುತ್ತದೆ ನಿಜ, ಆದರೆ ಅದರ ಗೀರುಗಳಲ್ಲೇ ಮುಂದಿನ ಕೊಳೆ ಮನೆ ಮಾಡುತ್ತದೆ. ಉಕ್ಕಿನ ನಾರಂತೂ ಬೇಡವೇ ಬೇಡ. ಅದರ ಎಳೆಗಳನ್ನು ಮೋಟಾರಿನ ಅಯಸ್ಕಾಂತ ಎಳೆದುಕೊಂಡು ಶಾರ್ಟ್ ಸರ್ಕ್ಯೂಟ್ ಆಗಬಹುದು. ಒರಟು ರಬ್ಬರ್ ತುಂಡು ವರ್ಷಗಟ್ಟಲೆ ಬಿದ್ದ ಹಳಿಗೆ ಮಾತ್ರ.

ಚಕ್ರಗಳೂ ಇವೆ

ಹಳಿ ಒರೆಸಿ ಚಕ್ರ ಬಿಟ್ಟರೆ ಮಿಂದು ಮಾಸಿದ ಬಟ್ಟೆ ಉಟ್ಟಂತೆ. ಆಲ್ಕೋಹಾಲಿನಲ್ಲಿ ನೆನೆಸಿದ ಟಿಶ್ಯೂ ಕಾಗದವನ್ನು ಹಳಿಗಳ ಮೇಲೆ ಹಾಸಿ, ಎಂಜಿನ್ನಿನ ಅರ್ಧ ಚಕ್ರಗಳು ಕಾಗದದ ಮೇಲೆ, ಉಳಿದರ್ಧ ಬರಿ ಹಳಿಯ ಮೇಲೆ ಇರುವಂತೆ ಕೈಯಲ್ಲಿ ಹಿಡಿದುಕೊಂಡು ಮೆಲ್ಲಗೆ ವಿದ್ಯುತ್ ಕೊಡಿ. ತಿರುಗುವ ಚಕ್ರ ಕಾಗದದ ಮೇಲೆ ಎರಡು ಕರಿ ಪಟ್ಟೆ ಬಿಡುತ್ತದೆ. ಇನ್ನೊಂದು ಕಡೆಗೂ ಹಾಗೆಯೇ ಮಾಡಿ. ಇದೊಂದೇ ಕೆಲಸಕ್ಕೆ ದ್ರಾವಕ ಹಸಿಯಿರುವಾಗ ವಿದ್ಯುತ್ ಬೇಕಾಗುವುದರಿಂದ, ಕಾಗದ ತೊಟ್ಟಿಕ್ಕುವಷ್ಟು ನೆನೆದಿರಬಾರದು.

ಒರೆಸಿದರೂ ನಿಂತರೆ

ಹಳಿ ತುಂಡುಗಳನ್ನು ಜೋಡಿಸುವ ಫಿಶ್‌ಪ್ಲೇಟ್ ಸಡಿಲವಾಗಿರಬಹುದು. ಅದನ್ನೇ ನೆಚ್ಚದೆ ಪ್ರತಿ ತುಂಡಿಗೂ ಕೆಳಗಿನಿಂದ ತಂತಿ ಬೆಸುಗೆ ಹಾಕುವುದು ಬಾಳಿಕೆಯ ಉಪಾಯ. ಹಳಿ ಕವಲೊಡೆಯುವ ಪಾಯಿಂಟ್‌ಗಳಲ್ಲಿ ಚಲಿಸುವ ನಾಲಿಗೆಯ ಒಳಮೈಯನ್ನು ಕಡ್ಡಿಗೆ ಸುತ್ತಿದ ಹತ್ತಿಯಿಂದ ಒರೆಸಿ.