ತಲೆಯ ಮೇಲಿನ ಕಾಡು, ಕಾಲಡಿಯ ನೆಲ

ನಮ್ಮವರ ನಿವೃತ್ತಿಗೆ ಇನ್ನು ಒಂದು ವರ್ಷವಿದ್ದಾಗಿನ ಮಾತು. ಡೊಂಬಿವಲಿಯ ಎರಡು ಕೋಣೆಯ ಮನೆಯಲ್ಲಿ ಮೂವತ್ತು ವರ್ಷ ಕಳೆದ ಮೇಲೆ, ಎಲ್ಲರಂತೆ ನಮಗೂ ಸ್ವಲ್ಪ ಹಸಿರಿರುವ ಕಡೆ ಒಂದು ತುಂಡು ಜಾಗ ಬೇಕು ಎನಿಸಿತ್ತು. ಊರಿಗೆ ಹೋಗಿ ನೆಲೆಸೋಣವೆಂದರೆ ಮಕ್ಕಳು ಇಲ್ಲಿದ್ದಾರೆ. ಹೀಗೆ ಯೋಚಿಸುತ್ತಿರುವಾಗ ನೇರಳ್ ಸಮೀಪದ ನಿವೇಶನಗಳ ಬಣ್ಣದ ಪುಸ್ತಿಕೆಯೊಂದು ಕೈಗೆ ಬಂತು. ಮುಖಪುಟದಲ್ಲಿ ಮಂಜು ಕವಿದ ಮಾಥೇರಾನ್ ಬೆಟ್ಟ, ಕೆಂಪು ಮಣ್ಣಿನ ದಾರಿ, ಆ ದಾರಿಯಲ್ಲಿ ಒಂದು ಬಿಳಿ ಕುದುರೆ. ಮುಂದಿನ ಭಾನುವಾರವೇ ನಾನು, ನಮ್ಮವರು ಮತ್ತು ಅತ್ತೆ ಕರ್ಜತ್ ಲೋಕಲ್ ಹತ್ತಿ ಹೊರಟೆವು.

ಜಾಗ ತೋರಿಸುವವರು ಮಧ್ಯಾಹ್ನ ಸಿಗುತ್ತೇನೆಂದಿದ್ದರು. ಅಷ್ಟರಲ್ಲಿ ಬೆಟ್ಟವನ್ನು ನೋಡಿಬಿಡೋಣವೆಂದು ಟ್ಯಾಕ್ಸಿಯಲ್ಲಿ ದಸ್ತೂರಿ ನಾಕಾಕ್ಕೆ ಹೋದೆವು. ಮಾಥೇರಾನ್‌ಗೆ ಹೋದವರಿಗೆಲ್ಲ ಗೊತ್ತು, ಅಲ್ಲಿಂದ ಮುಂದೆ ಕಾರು, ಸ್ಕೂಟರು ಯಾವುದೂ ಹೋಗುವಂತಿಲ್ಲ. ಪೇಟೆ ಅಲ್ಲಿಂದ ಸುಮಾರು ಮೂರು ಕಿಲೋಮೀಟರ್ ದೂರ. ನಡೆಯಬೇಕು, ಇಲ್ಲವೇ ಅಮನ್ ಲಾಡ್ಜ್ ನಿಲ್ದಾಣದಿಂದ ಪುಟ್ಟ ರೈಲು ಹಿಡಿಯಬೇಕು, ಇಲ್ಲವೇ ಕುದುರೆ ಏರಬೇಕು. ರೈಲಿಗೆ ಉದ್ದದ ಸಾಲಿತ್ತು. ಅತ್ತೆಯ ಮಂಡಿ ನೋವಿಗೆ ನಡಿಗೆ ಆಗದು. ಎಪ್ಪತ್ತೆಂಟರ ನಮ್ಮತ್ತೆ ಸೀರೆಯ ನೆರಿಗೆ ಸರಿಮಾಡಿಕೊಂಡು, ಜೀವನದಲ್ಲಿ ಮೊದಲ ಸಲ ಕುದುರೆ ಹತ್ತಿದರು.

"ಮಣ್ಣು ನೋಡು, ನಮ್ಮ ಊರಿನದೇ" ಎಂದರು ಮೇಲಿನಿಂದ. ನಿಜ. ಬ್ರಹ್ಮಾವರದ ನಮ್ಮ ಹಳೆಯ ಮನೆ ಕಟ್ಟಿದ ಮುರಕಲ್ಲೇ ಇಲ್ಲಿಯ ಬೆಟ್ಟದ ತಲೆಯ ಮೇಲೂ ಹಾಸಿಕೊಂಡಿದೆ. ಸಹ್ಯಾದ್ರಿಯ ಮಳೆ ಲಕ್ಷಾಂತರ ವರ್ಷ ತೊಳೆದು ತೊಳೆದು ಕಬ್ಬಿಣದಂಶ ಉಳಿಸಿದ ಕೆಂಪು ಅದು.

ಲಗಾಮು ಹಿಡಿದು ನಡೆಯುತ್ತಿದ್ದ ಕುದುರೆಯವನು ಮಾತಿಗೆ ಮಾತು ಸೇರಿಸಿದ. ನಾವು ಜಾಗ ನೋಡಲು ಬಂದವರೆಂದು ತಿಳಿದಾಗ ನಕ್ಕ. "ಮಾವಶಿ, ಇಲ್ಲಿ ಮನೆ ಕಟ್ಟುವುದೆಂದರೆ ಸಿಮೆಂಟಿನ ಮೂಟೆಯೂ ಕುದುರೆಯ ಬೆನ್ನ ಮೇಲೆ, ಗ್ಯಾಸ್ ಸಿಲಿಂಡರೂ ಯಾರದಾದರೂ ತಲೆಯ ಮೇಲೆ ಬರಬೇಕು" ಎಂದ. ಆ ಮಾತು ನನ್ನ ಮನಸ್ಸಿನಲ್ಲಿ ಉಳಿಯಿತು. ಮನೆಗೆ ಬಂದ ಮೇಲೆ ಈ ಬೆಟ್ಟದ ಚರಿತ್ರೆ ಓದತೊಡಗಿದ್ದು ಅದರಿಂದಲೇ.

ಮಾಥೇರಾನ್ ಎಂದರೆ ಮರಾಠಿಯಲ್ಲಿ ಮಾಥಾ, ರಾನ್: ತಲೆಯ ಮೇಲಿನ ಕಾಡು. ಸುಮಾರು 800 ಮೀಟರ್ ಎತ್ತರದ ಈ ಬೆಟ್ಟವನ್ನು 1850ರ ಮೇ ತಿಂಗಳಲ್ಲಿ ಠಾಣೆಯ ಕಲೆಕ್ಟರ್ ಹ್ಯೂ ಪಾಯಿಂಟ್ಜ್ ಮ್ಯಾಲೆಟ್ 'ಕಂಡುಹಿಡಿದ' ಎಂದು ಪ್ರವಾಸಿ ಪುಸ್ತಕಗಳೆಲ್ಲ ಹೇಳುತ್ತವೆ. ಬುಡದ ಚೌಕ್ ಗ್ರಾಮದಿಂದ ಹತ್ತಿದ ಆತನಿಗೆ ಮೇಲಿನ ತಂಪು ಹಿಡಿಸಿತು. ಮತ್ತೆ ಬಂದ, ಮನೆ ಕಟ್ಟಿಸಿದ. 1853ರಲ್ಲಿ ಮುಂಬೈ ಗವರ್ನರ್ ಆಗಿ ಬಂದ ಲಾರ್ಡ್ ಎಲ್ಫಿನ್‌ಸ್ಟನ್‌ಗೂ ಜಾಗ ಇಷ್ಟವಾಯಿತು. ಗವರ್ನರ್ ಮೆಚ್ಚಿದ ಮೇಲೆ ಕೇಳಬೇಕೆ? ಮುಂಬೈಯ ಅಧಿಕಾರಿಗಳು, ಪಾರ್ಸಿ ಮತ್ತು ಬೋಹ್ರಾ ವ್ಯಾಪಾರಿಗಳು ಸರ್ಕಾರದಿಂದ ನಿವೇಶನ ಪಡೆದು ಬಂಗಲೆ ಎಬ್ಬಿಸಿದರು. ಲೂಯಿಸಾ, ಷಾರ್ಲೆಟ್, ಅಲೆಕ್ಸಾಂಡರ್ ಎಂದು ಪ್ರತಿ ಬಂಡೆ, ಪ್ರತಿ ಕೆರೆಗೂ ಹೊಸ ಹೆಸರು ಬಂತು.

ಆದರೆ ಬೆಟ್ಟಕ್ಕೆ ಆಗಲೇ ಹೆಸರಿತ್ತು, ಜನರೂ ಇದ್ದರು. ಧನಗರರು ದನ, ಎಮ್ಮೆ ಮೇಯಿಸುತ್ತಿದ್ದರು. ಠಾಕೂರರು ಇಳಿಜಾರಿನಲ್ಲಿ ರಾಗಿ ಬೆಳೆಯುತ್ತಿದ್ದರು. ಕಾತ್ಕರಿಗಳು ಖೈರ್ ಮರದ ಚಕ್ಕೆ ಕುದಿಸಿ ಕಾಚು ತೆಗೆಯುತ್ತಿದ್ದರು. ಅವರ ಕುಲದ ಹೆಸರು ಬಂದದ್ದೂ ಅದರಿಂದಲೇ. ನಮ್ಮ ಅಜ್ಜಿಯರು ವೀಳ್ಯದೆಲೆಗೆ ಹಚ್ಚಿದ ಕಾಚು ಇಂಥ ಕೈಗಳಿಂದ ಬಂದದ್ದು ಎಂದು ನಾನು ಎಂದೂ ಯೋಚಿಸಿರಲಿಲ್ಲ. 1878ರ ಅರಣ್ಯ ಕಾಯ್ದೆಯ ನಂತರ ಮೀಸಲು ಕಾಡಿನ ಮರ ಕಡಿಯುವುದು ಅಪರಾಧವಾಯಿತು. ಮರದ ಕಸುಬು ಹೋದವರು ಕೂಲಿಗೆ ಇಳಿದರು.

ಮೊದಲ ಅರ್ಧ ಶತಮಾನ ದೊರೆಸಾನಿಯರು ನೇರಳ್‌ನಿಂದ ಮೇಲಕ್ಕೆ ಬರುತ್ತಿದ್ದುದು ಕುದುರೆಯ ಮೇಲೆ ಅಥವಾ ಆಳುಗಳು ಹೊತ್ತ ಪಲ್ಲಕ್ಕಿಯಲ್ಲಿ. ಅದನ್ನು ಬದಲಿಸಿದವರು ಬೋಹ್ರಾ ಉದ್ಯಮಿ ಸರ್ ಆದಮ್‌ಜಿ ಪೀರ್‌ಭಾಯ್ ಅವರ ಕುಟುಂಬ. ಮಗ ಅಬ್ದುಲ್ ಹುಸೇನ್ ಮುಂದೆ ನಿಂತು ಎರಡು ಅಡಿ ಅಗಲದ ಹಳಿ ಹಾಕಿಸಿ, 1907ರಲ್ಲಿ ರೈಲು ಓಡಿಸಿದರು. ಖರ್ಚು ಆ ಕಾಲದ 16 ಲಕ್ಷ ರೂಪಾಯಿ. ಬೆಟ್ಟದ ಮೈಗೆ ಅಂಟಿಕೊಂಡು ಸುತ್ತಿ ಸುತ್ತಿ ಸುಮಾರು 21 ಕಿಲೋಮೀಟರ್ ಹತ್ತುವ ಆ ಹಳಿ 2005ರ ಜುಲೈ 26ರ ಮಹಾಮಳೆಯಲ್ಲಿ ಕೊಚ್ಚಿಹೋಗಿ, 2007ರಲ್ಲಿ ಮತ್ತೆ ಜೀವ ಪಡೆಯಿತು. ಮಳೆಗಾಲದಲ್ಲಿ ನೇರಳ್‌ನಿಂದ ಹತ್ತುವ ರೈಲು ನಿಲ್ಲುತ್ತದೆ, ಮೇಲಿನ ತುಣುಕು ದಾರಿ ಮಾತ್ರ ನಡೆಯುತ್ತದೆ.

ಇಷ್ಟು ಓದುವಷ್ಟರಲ್ಲಿ ನೇರಳ್‌ನ ಜಾಗದ ಕಾಗದಗಳೂ ಬಂದವು. ಜಾಗ ಚೆನ್ನಾಗಿತ್ತು. ಹಿಂದೆ ಬೆಟ್ಟ, ಮುಂದೆ ಸಣ್ಣ ಹಳ್ಳ. ಬೆಲೆಯೂ ನಮ್ಮ ಅಳವಿನಲ್ಲಿತ್ತು, ಸುತ್ತಲಿನ ಜಾಗಗಳಿಗಿಂತ ತುಸು ಕಡಿಮೆಯೇ. ಏಕೆ ಕಡಿಮೆ ಎಂದು ಕೇಳುವ ಬುದ್ಧಿ ಆಗ ಬರಲಿಲ್ಲ. ನಮ್ಮ ಮಹಿಳಾ ವಿಭಾಗದ ವಕೀಲ ಗೆಳತಿಗೆ ಸಾತ್‌ಬಾರಾ ಉತಾರೆ ತೋರಿಸಿದೆ. ನಮ್ಮೂರಿನ ಪಹಣಿಯಂತೆ ಇಲ್ಲಿ ಅದೇ ಭೂಮಿಯ ಜಾತಕ. ಆಕೆ ಬೆಟ್ಟಿಟ್ಟು ತೋರಿಸಿದ್ದು ಮಾಲೀಕರ ಹೆಸರನ್ನಲ್ಲ, ಪಕ್ಕದ 'ಇತರ ಹಕ್ಕು'ಗಳ ಕಾಲಮ್ಮಿನ ಒಂದು ಸಾಲನ್ನು. ಮಹಾರಾಷ್ಟ್ರ ಭೂಕಂದಾಯ ಸಂಹಿತೆಯ ಕಲಂ 36 ಮತ್ತು 36ಅ ನಿರ್ಬಂಧಕ್ಕೆ ಒಳಪಟ್ಟ ಭೂಮಿ ಎಂದಿತ್ತು.

ಎಂದರೆ ಅದು ಆದಿವಾಸಿಯ ನೆಲ. 1974ರಲ್ಲಿ ಸಂಹಿತೆಗೆ ಸೇರಿಸಿದ ಈ 36ಅ ಪ್ರಕಾರ, ಆದಿವಾಸಿಯ ಭೂಮಿಯನ್ನು ಜಿಲ್ಲಾಧಿಕಾರಿಯ ಪೂರ್ವಾನುಮತಿ ಇಲ್ಲದೆ ಬೇರೆಯವರಿಗೆ ಮಾರುವಂತಿಲ್ಲ. ಅದಕ್ಕೂ ಮಿಗಿಲಾಗಿ, 1957ರ ಏಪ್ರಿಲ್ 1ರಿಂದ 1974ರ ಜುಲೈ 6ರವರೆಗೆ ಕೈತಪ್ಪಿದ ಆದಿವಾಸಿ ಭೂಮಿಯನ್ನು ಮರಳಿಸಲೆಂದೇ ಮಹಾರಾಷ್ಟ್ರ ಇನ್ನೊಂದು ಕಾಯ್ದೆ ಮಾಡಿತು. ಇದಲ್ಲದೆ, ಇಲ್ಲಿ ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳುವುದಕ್ಕೆ 1948ರ ಗೇಣಿ ಕಾಯ್ದೆಯ ತಡೆಯೂ ಇದೆ. ಕರ್ನಾಟಕದಲ್ಲಿ 2020ರಲ್ಲಿ ಅಂಥ ತಡೆ ತೆಗೆದರೆಂದು ಇಲ್ಲಿಯೂ ಹಾಗೆಯೇ ಎಂದುಕೊಳ್ಳಬಾರದು.

ಜಾಗ ತೋರಿಸಿದವರನ್ನು ಕೇಳಿದೆವು. "ಎಲ್ಲರೂ ಮಾಡುವುದೇ. ಹೆಸರು ಅವರದೇ ಇರಲಿ, ನೀವು ಕರಾರು ಪತ್ರ ಮತ್ತು ಪವರ್ ಆಫ್ ಅಟಾರ್ನಿ ಮಾಡಿಕೊಳ್ಳಿ" ಎಂದರು. ನಿಜ ಹೇಳಬೇಕೆಂದರೆ ನಮ್ಮವರ ಮನಸ್ಸು ಸ್ವಲ್ಪ ವಾಲಿತು. ನನ್ನದೂ ವಾಲಿತು. ಜೀವಮಾನದ ಉಳಿತಾಯಕ್ಕೆ ಬೆಟ್ಟ ಕಾಣುವ ಕಿಟಕಿ ಇನ್ನೆಲ್ಲಿ ಸಿಗುತ್ತದೆ?

ಆ ಕಾನೂನು ಸುಮ್ಮನೆ ಹುಟ್ಟಿದ್ದಲ್ಲ ಎಂದು ತಿಳಿದದ್ದು ಮಾಥೇರಾನ್‌ನ ಮಗನೊಬ್ಬನ ಕಥೆ ಓದಿದಾಗ. ವಿಠ್ಠಲ ಲಕ್ಷ್ಮಣ ಕೋತ್ವಾಲ್, ಜನ ಕರೆಯುವುದು ಭಾಯಿ ಕೋತ್ವಾಲ್ ಎಂದು. 1912ರ ಡಿಸೆಂಬರ್ 1ರಂದು ಈ ಬೆಟ್ಟದ ಮೇಲೆಯೇ ಕ್ಷೌರಿಕರ ಬಡ ಕುಟುಂಬದಲ್ಲಿ ಹುಟ್ಟಿದವರು. ಓದಿ ವಕೀಲರಾದರು. ಮಳೆಗಾಲದಲ್ಲಿ ಸಾಹುಕಾರರಿಂದ ಕಾಳು ಸಾಲ ತಂದು ಬಡ್ಡಿಯಲ್ಲಿ ನೆಲವನ್ನೇ ಕಳೆದುಕೊಳ್ಳುತ್ತಿದ್ದ ರೈತರಿಗಾಗಿ ಧಾನ್ಯದ ಬ್ಯಾಂಕುಗಳನ್ನು ಕಟ್ಟಿದರು, ಹಳ್ಳಿಯ ಮಕ್ಕಳಿಗೆ ಶಾಲೆ ತೆರೆದರು. 1942ರಲ್ಲಿ 'ಆಜಾದ್ ದಸ್ತಾ' ಕಟ್ಟಿ ವಿದ್ಯುತ್ ಕಂಬಗಳನ್ನು ಉರುಳಿಸಿದರು. 1943ರ ಜನವರಿ 2ರಂದು ಸಿದ್ಧಗಡದ ಕಾಡಿನಲ್ಲಿ ಪೊಲೀಸರ ಗುಂಡಿಗೆ ಹಿರಾಜಿ ಪಾಟೀಲರೊಂದಿಗೆ ಬಲಿಯಾದರು. ಆಗ ಅವರಿಗೆ ಮೂವತ್ತು ವರ್ಷ. ನಾವು ನೋಡಿದ ಜಾಗ ಅಂಥ ಸಾಲಗಾರ ರೈತರ ಸೀಮೆಯದೇ.

ರಾತ್ರಿ ಊಟದ ಹೊತ್ತಿಗೆ ಇದನ್ನೆಲ್ಲ ಹೇಳಿದೆ. ಅತ್ತೆ ಸುಮ್ಮನೆ ಕೇಳಿದರು. ಆಮೇಲೆ "ಅದು ಯಾವ ವರ್ಷದ ಕಾನೂನು ಎಂದೆ?" ಎಂದರು. 1974 ಎಂದೆ.

"ನಮಗೂ ಅದೇ ವರ್ಷ."

ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯಲ್ಲಿ ಗೇಣಿ ಒಕ್ಕಲಿನವರು ಡಿಕ್ಲರೇಶನ್ ಕೊಟ್ಟು, ಉಳುವ ನೆಲವನ್ನು ತಮ್ಮದಾಗಿಸಿಕೊಂಡರು. ನಮ್ಮ ಮಾವನವರೂ ಹಾಗೆಯೇ ಪಡೆದವರು. ಅತ್ತೆ ಮದುವೆಯಾಗಿ ಬಂದ ಹೊಸದರಲ್ಲಿ ಧನಿಗಳ ಮನೆಗೆ ಗೇಣಿಯ ಅಕ್ಕಿ ಮುಡಿ ಕಳಿಸಿ, ಮಿಕ್ಕಿದ್ದರಲ್ಲಿ ಗಂಜಿ ಬೇಯಿಸಿದವರು. ನಮ್ಮವರು ಓದಿ ಮುಂಬೈಗೆ ಬರಲು ಆದದ್ದು ಆ ಗದ್ದೆ ಉಳಿದದ್ದರಿಂದ. ಅದೇ ಕಾಯ್ದೆಯಲ್ಲಿ ಜಾಗ ಕಳೆದುಕೊಂಡ ಮನೆಯವರೂ ನಮ್ಮ ಸಂಘದಲ್ಲಿದ್ದಾರೆ, ಅವರ ಕಷ್ಟವನ್ನೂ ಕೇಳಿದ್ದೇನೆ. ಅತ್ತೆ ಹೇಳಿದ್ದು ಇಷ್ಟೇ: "ಕಾನೂನಿನಿಂದ ನೆಲ ಸಿಕ್ಕಿದ ಮನೆ ನಮ್ಮದು. ಇನ್ನೊಬ್ಬರ ಕಾನೂನು ತಪ್ಪಿಸಿ ನೆಲ ಮಾಡುವುದು ಬೇಡ ಮಾರಾಯ್ತಿ."

ನಾವು ಆ ಜಾಗ ಕೊಳ್ಳಲಿಲ್ಲ.

ಆದರೆ ಬೆಟ್ಟದ ಋಣ ಬಿಡಲಿಲ್ಲ. ವರ್ಷಕ್ಕೊಮ್ಮೆ, ದಸರೆ ಕಳೆದ ಮೇಲೆ, ಅಲ್ಲಿನವರೇ ಬಾಡಿಗೆಗೆ ಕೊಡುವ ಕೋಣೆಯಲ್ಲಿ ನಾಲ್ಕು ದಿನ ಇದ್ದು ಬರುತ್ತೇವೆ. 2003ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಮಾಥೇರಾನ್ ಮತ್ತು ಸುತ್ತಲನ್ನು ಪರಿಸರ ಸೂಕ್ಷ್ಮ ವಲಯವೆಂದು ಘೋಷಿಸಿದ್ದರಿಂದ ಕಾಡು ಇನ್ನೂ ಉಳಿದಿದೆ. ಆದರೆ ಹಾಗೆ ಉಳಿದದ್ದರ ಭಾರ ಹೊತ್ತವರು ಬೆಟ್ಟದ ಮೇಲಿನ 5,000ಕ್ಕೂ ಕಡಿಮೆ ಜನ. ಬಸುರಿಯಾಗಲಿ, ಶಾಲೆಯ ಮಗುವಾಗಲಿ, ದಿನನಿತ್ಯ ಧೂಳಿನಲ್ಲಿ ನಡೆದವರು ಅವರೇ. 2022ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಒಪ್ಪಿಗೆಯಿಂದ ಇ-ರಿಕ್ಷಾ ಪ್ರಯೋಗ ಶುರುವಾದಾಗ ಶಾಲೆಯ ಮಕ್ಕಳಿಗೆ ಹಬ್ಬ, ಕುದುರೆಯವರಿಗೆ ಹೊಟ್ಟೆಯ ಚಿಂತೆ. 2025ರ ಆಗಸ್ಟಿನಲ್ಲಿ, ಮನುಷ್ಯ ಮನುಷ್ಯನನ್ನು ಎಳೆಯುವ ಕೈರಿಕ್ಷಾವನ್ನು ಆರು ತಿಂಗಳಲ್ಲಿ ನಿಲ್ಲಿಸಿ, ಎಳೆಯುವವರಿಗೇ ಇ-ರಿಕ್ಷಾ ಕೊಡಬೇಕೆಂದು ಅದೇ ನ್ಯಾಯಾಲಯ ಆದೇಶಿಸಿತು. ಪಲ್ಲಕ್ಕಿಯ ಕಾಲದಿಂದ ಲೆಕ್ಕ ಹಾಕಿದರೆ ತಡವಾಗಿಯೇ ಬಂದ ಮಾತು.

ಗೆಳತಿಯರೇ, ನಮ್ಮಲ್ಲಿ ಅನೇಕರು ಈಗ ಕರ್ಜತ್, ನೇರಳ್, ಲೋನಾವಳದ ಕಡೆ ಜಾಗ ನೋಡುತ್ತಿದ್ದೀರಿ. ಖಂಡಿತ ನೋಡಿ, ಸರಿಯಾದ ಜಾಗವೂ ಸಿಗುತ್ತದೆ. ಮುಂಗಡ ಕೊಡುವ ಮೊದಲು ಸಾತ್‌ಬಾರಾ ಉತಾರೆಯ 'ಇತರ ಹಕ್ಕು' ಕಾಲಮ್ ಓದಿಸಿ. 'ಭೋಗವಟಾದಾರ ವರ್ಗ 2' ಎಂದಿದ್ದರೆ ಮಾರಾಟಕ್ಕೆ ಸರ್ಕಾರದ ನಿರ್ಬಂಧವಿದೆ ಎಂದು ತಿಳಿಯಿರಿ. ಬೆಲೆ ಅಗ್ಗವೆಂದರೆ ಏಕೆ ಅಗ್ಗ ಎಂದು ಕೇಳಿ. ಆ ಕಾಲಮ್ಮಿನ ಒಂದೊಂದು ಸಾಲಿನಲ್ಲೂ ಯಾರೋ ಕಳೆದುಕೊಂಡ, ಯಾರೋ ಹೋರಾಡಿ ಉಳಿಸಿಕೊಂಡ ನೆಲದ ಕಥೆ ಇರುತ್ತದೆ.

ಕಳೆದ ಸಲ ಹೋದಾಗಲೂ ಅತ್ತೆ ಕುದುರೆಯ ಮೇಲೆಯೇ ಬಂದರು. ಇಳಿದವರು ಹಣ ಕೊಡುವ ಮೊದಲು ಕುದುರೆಯ ಕುತ್ತಿಗೆ ಸವರಿ, ಚೀಲದಿಂದ ಒಂದು ಬೆಲ್ಲದ ಅಚ್ಚು ತೆಗೆದು ಕುದುರೆಯವನ ಕೈಗಿತ್ತರು. "ಅರ್ಧ ಅದಕ್ಕೆ, ಅರ್ಧ ನಿನ್ನ ಮಕ್ಕಳಿಗೆ" ಎಂದರು.