ಐಹೊಳೆಯ ಐನೂರ್ವರು ಮತ್ತು ನಮ್ಮ ಮನೆಯ ಇಳಕಲ್ ಸೀರೆ

ತಂಗಿ ಮದುವೆಗೆಂದು ಇಳಕಲ್ ಸೀರೆ ತಂದಿದ್ದೆವು. ಅಂಗಡಿಯವರು ‘ಅಸಲಿ ಕೈಮಗ್ಗದ್ದು’ ಎಂದೇ ಕೊಟ್ಟರು, ತಗೊಂಡ ರೇಟೂ ಕೈಮಗ್ಗದ್ದೇ. ನಮ್ಮ ಓಣಿಯಲ್ಲಿ ವಯಸ್ಸೆಲ್ಲ ಕುಣಿ ಮಗ್ಗದಲ್ಲಿ ಕಳೆದ ಅಜ್ಜ ಒಬ್ಬರಿದ್ದಾರೆ. ಸೆರಗು ಮೈಗೆ ಕೂಡುವ ಜಾಗದಲ್ಲಿ ಬೆರಳಾಡಿಸಿ, ಸೀರೆ ತಿರುವಿ ನೋಡಿ, “ತಮ್ಮಾ, ಇದು ಮಷಿನ್ನಿಂದು. ಇಲ್ಲಿ ಕೊಂಡೀನ ಇಲ್ಲ ನೋಡು” ಅಂದರು. ಅವ್ವನ ಮುಖ ಸಣ್ಣದಾಯಿತು.

“ಹಿಂಗ ಮೋಸ ಮಾಡಿದವ್ರನ್ನ ಕೇಳೋರು ಯಾರು, ಅಜ್ಜಾ?” ಅಂದೆ.

“ಮೊದಲ ಹಿರೇರು ಕೂಡಿ ಕೇಳತಿದ್ರು. ಈಗ ಯಾರ್ ಕೇಳತಾರ?”

ಈ ಮಾತು ತಲೆಯಲ್ಲಿ ಉಳಿಯಿತು. ಒಂದು ಕಸುಬಿನವರು ತಾವೇ ಕೂಡಿ, ‘ನಾವು ಹೀಗೆ ನಡೆಯಬೇಕು, ಹೀಗೆ ನಡೆಯಬಾರದು’ ಎಂದು ಕಟ್ಟು ಮಾಡಿಕೊಳ್ಳುವ ಪದ್ಧತಿ ಎಷ್ಟು ಹಳೆಯದು? ಇದಕ್ಕೆ ಉತ್ತರ ಹುಡುಕಲು ದೂರ ಹೋಗಬೇಕಿಲ್ಲ. ಐಹೊಳೆಗೆ ಹೋದರೆ ಸಾಕು. ಇಳಕಲ್ ಬೇರೆ ತಾಲೂಕಾಗುವ ಮುಂಚೆ ಎರಡೂ ಊರು ಹುನಗುಂದ ತಾಲೂಕಿನವೇ.

ಐನೂರ್ವರು ಯಾರು?

ಐಹೊಳೆಗೆ ಹೋದವರು ದುರ್ಗ ಗುಡಿ, ಲಾಡಖಾನ್ ಗುಡಿ ನೋಡಿ, ಫೋಟೋ ತೆಗೆದುಕೊಂಡು ಬರುತ್ತಾರೆ. ಈ ಊರಿನ ಹೆಸರು ಹೊತ್ತು ಸಮುದ್ರ ದಾಟಿದ ವ್ಯಾಪಾರಿಗಳ ಬಗ್ಗೆ ಕೇಳುವವರು ಕಡಿಮೆ. ಶಾಸನಗಳು ಅವರನ್ನು ‘ಅಯ್ಯಾವೊಳೆ ಐನೂರ್ವರು’ ಎನ್ನುತ್ತವೆ. ಅಯ್ಯಾವೊಳೆ ಅಂದರೆ ಇದೇ ಐಹೊಳೆ. ಚಾಲುಕ್ಯರು ಬಾದಾಮಿಯಿಂದ ಆಳುತ್ತಿದ್ದ ಕಾಲದಲ್ಲಿ ಬೆಳೆದ ಊರಿದು. ಮುಂದಿನ ಶತಮಾನಗಳಲ್ಲಿ ಈ ಸಂಘ ದಕ್ಷಿಣ ಭಾರತದ ತುಂಬ ಹರಡಿತು.

ಎಷ್ಟು ದೂರ ಹೋಗಿದ್ದರು ಅಂದರೆ, ಇಂಡೋನೇಷ್ಯಾದ ಸುಮಾತ್ರಾ ದ್ವೀಪದ ಬಾರೂಸ್‌ನಲ್ಲಿ ಸಿಕ್ಕ 1088ರ ತಮಿಳು ಶಾಸನದಲ್ಲಿ ಈ ಐನೂರ್ವರ ಹೆಸರಿದೆ. ಬಾರೂಸ್ ಕರ್ಪೂರಕ್ಕೆ ಹೆಸರಾದ ಬಂದರು. ಶಿಕಾರಿಪುರ ತಾಲೂಕಿನ 11ನೇ ಶತಮಾನದ ಶಾಸನವೊಂದು ಇವರು ಮಾರುತ್ತಿದ್ದ ಸರಕಿನ ಪಟ್ಟಿಯನ್ನೇ ಕೊಡುತ್ತದೆ: ಆನೆ, ಕುದುರೆ, ಮುತ್ತು, ರತ್ನ, ಏಲಕ್ಕಿ, ಲವಂಗ, ಗಂಧ, ಕರ್ಪೂರ, ಕಸ್ತೂರಿ. ಸಗಟು ಮಾರುವವರೂ ಇದ್ದರು, ಹೆಗಲ ಮೇಲೆ ಹೊತ್ತು ಊರೂರು ತಿರುಗುವವರೂ ಇದ್ದರು.

ವೀರ ಬಣಂಜು ಧರ್ಮ

ಆಗ ಫೋನ್ ಇಲ್ಲ, ಬ್ಯಾಂಕ್ ಇಲ್ಲ. ಗುರುತಿಲ್ಲದ ಊರಿನಲ್ಲಿ ಗುರುತಿಲ್ಲದವನ ಕೈಗೆ ಸರಕು ಕೊಡಬೇಕು. ಅವನನ್ನು ನಂಬುವುದು ಹೇಗೆ? ‘ಇವನು ಐನೂರ್ವರ ಪೈಕಿ’ ಅನ್ನುವುದೇ ಗ್ಯಾರಂಟಿ. ಆ ಹೆಸರು ಉಳಿಯಬೇಕಾದರೆ ಹೆಸರು ಹೇಳುವವರೆಲ್ಲ ಒಂದೇ ನಡತೆಗೆ ಒಳಪಡಬೇಕು.

ಆ ನಡತೆಗೆ ಇಟ್ಟ ಹೆಸರೇ ‘ವೀರ ಬಣಂಜು ಧರ್ಮ’. ಬಣಂಜು ಅಂದರೆ ವ್ಯಾಪಾರ. ಶಾಸನಗಳಲ್ಲಿ ಐನೂರ್ವರನ್ನು ಹೊಗಳುವಾಗ ಈ ಧರ್ಮವನ್ನು ಕಾಪಾಡುವವರು ಎಂದು ಕರೆಯುತ್ತಾರೆ. ಜೊತೆಗೆ ಗುಣಗಳ ಸಾಲೊಂದು ಬರುತ್ತದೆ: ಸತ್ಯ, ಶೌಚ, ಆಚಾರ, ಒಳ್ಳೆಯ ಚರಿತ್ರ, ನಯ, ವಿನಯ, ವಿಜ್ಞಾನ. ಇಲ್ಲಿ ವಿಜ್ಞಾನ ಅಂದರೆ ಕಸುಬಿನ ತಿಳಿವಳಿಕೆ ಎಂದು ಓದಬಹುದು. ಅಂದರೆ ಸತ್ಯವಂತ ಆಗಿದ್ದರಷ್ಟೇ ಸಾಲದು, ಕೆಲಸವೂ ಗೊತ್ತಿರಬೇಕು. ಕೆಲಸ ಗೊತ್ತಿದ್ದರಷ್ಟೇ ಸಾಲದು, ಮಾತಿನಲ್ಲಿ ನಯವೂ ಇರಬೇಕು.

ಇಂಥ ಸಂಘಕ್ಕೆ ಶಾಸನಗಳು ಬಳಸುವ ಮಾತು ‘ಸಮಯ’. ಇವತ್ತು ಸಮಯ ಅಂದರೆ ಟೈಮ್. ಆಗ ಅದಕ್ಕೆ ಒಪ್ಪಂದ, ಕೂಡಿ ಮಾಡಿದ ಕಟ್ಟಳೆ ಎಂಬ ಅರ್ಥವೂ ಇತ್ತು. ಎಣ್ಣೆ ತೆಗೆಯುವ ತೆಲ್ಲಿಗರಂಥ ಕಸುಬಿನವರಿಗೂ ತಮ್ಮದೇ ಸಂಘಗಳಿದ್ದವು. ಗುಡಿಗೆ, ಕೆರೆಗೆ ಹೇರಿಗಿಷ್ಟು, ಗಾಣಕ್ಕಿಷ್ಟು ಕೊಡುತ್ತೇವೆ ಎಂದು ಇವರು ಕೂಡಿ ತೀರ್ಮಾನಿಸಿ ಕಲ್ಲಿನಲ್ಲಿ ಕೊರೆಸಿದ್ದು ಕರ್ನಾಟಕದ ಎಷ್ಟೋ ಊರಲ್ಲಿ ಕಾಣುತ್ತದೆ. ಕಲ್ಲು ಊರ ನಡುವೆ ನಿಂತಿರುತ್ತಿತ್ತು. ‘ನಾ ಒಪ್ಪಿಲ್ಲ’ ಎಂದು ಆಮೇಲೆ ಹೇಳುವಂತಿರಲಿಲ್ಲ.

ಅರಸನಿಗೂ ಕಟ್ಟು

ಕಟ್ಟಳೆ ಪ್ರಜೆಗಳಿಗೆ ಮಾತ್ರ ಇರಲಿಲ್ಲ. ಗದಗ ಜಿಲ್ಲೆಯ ಲಕ್ಷ್ಮೇಶ್ವರದಲ್ಲಿ ಸುಮಾರು 725ರ ಒಂದು ಕನ್ನಡ ಶಾಸನವಿದೆ. ಆಗ ಆ ಊರ ಹೆಸರು ಪೊರಿಗೆರೆ. ಬಾದಾಮಿ ಚಾಲುಕ್ಯರ ಯುವರಾಜ ವಿಕ್ರಮಾದಿತ್ಯ ಊರಿನ ಮಹಾಜನರಿಗೂ ಹದಿನೆಂಟು ಪ್ರಕೃತಿಗಳಿಗೂ ಕೊಟ್ಟ ‘ಆಚಾರ ವ್ಯವಸ್ಥೆ’ ಅದು. ಅರಸನ ಅಧಿಕಾರಿಗಳು ಏನನ್ನು ಕಾಪಾಡಬೇಕು, ಊರವರು ಏನು ಕೊಡಬೇಕು ಎಂದು ಅದರಲ್ಲಿ ಬರೆದಿದೆ. ಮನೆ ತೆರಿಗೆಯೂ ಎಲ್ಲರಿಗೂ ಒಂದೇ ಅಲ್ಲ, ಒಕ್ಕಲಿನ ಅನುಕೂಲ ನೋಡಿ ಹೆಚ್ಚು ಕಡಿಮೆ. ಎರಡೂ ಕಡೆಯವರನ್ನು ಕಟ್ಟುವ ಇಂಥ ಬರಹ ಸುಮಾರು 1300 ವರ್ಷದ ಹಿಂದೆಯೇ ಕನ್ನಡದಲ್ಲಿತ್ತು.

ತಪ್ಪಿದರೆ ಏನು?

ಒಳ್ಳೆಯ ಮಾತು ಬರೆಯುವುದು ಸುಲಭ. ಮುರಿದವರನ್ನು ಏನು ಮಾಡುವುದು ಅನ್ನುವುದೇ ಕಷ್ಟ.

ಕಲ್ಯಾಣದಲ್ಲಿ, ಅಂದರೆ ಇಂದಿನ ಬಸವಕಲ್ಯಾಣದಲ್ಲಿ, ಆರನೇ ವಿಕ್ರಮಾದಿತ್ಯನ ಕಾಲದಲ್ಲಿ (1076–1126) ವಿಜ್ಞಾನೇಶ್ವರ ಬರೆದ ‘ಮಿತಾಕ್ಷರ’ ಗ್ರಂಥ ಇದನ್ನು ಚರ್ಚಿಸುತ್ತದೆ. ಅದು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನ. ಸಂಘದ ಒಪ್ಪಂದ ಮುರಿಯುವುದನ್ನೇ ಆ ಸ್ಮೃತಿ ಒಂದು ಪ್ರತ್ಯೇಕ ವ್ಯಾಜ್ಯವಾಗಿ ಎಣಿಸುತ್ತದೆ. ಸಂಘದ ದುಡ್ಡು ನುಂಗಿದವನ, ಒಪ್ಪಂದ ಮೀರಿದವನ ಆಸ್ತಿ ಕಿತ್ತುಕೊಂಡು ಗಡೀಪಾರು ಮಾಡಬೇಕು. ಪಾಲುದಾರಿಕೆಯಲ್ಲಿ ಮೋಸ ಮಾಡಿದವನನ್ನು ಲಾಭ ಕೊಡದೆ ಹೊರಹಾಕಬೇಕು. ಈ ನಿಯಮ ರೈತರಿಗೂ ಕೈಕಸುಬಿನವರಿಗೂ ಅನ್ವಯ. ಸಂಘಗಳ ಹಳೆಯ ಪದ್ಧತಿಗಳನ್ನು ಅರಸ ಕಾಪಾಡಬೇಕು. ಹೀಗಾಗಿ ಕಟ್ಟು ಸಂಘದ್ದಾದರೂ ಅದಕ್ಕೆ ಅರಸನ ಬೆಂಬಲ ಇತ್ತು.

ಎಲ್ಲವೂ ಚೆನ್ನಾಗಿತ್ತು ಅಂತಲ್ಲ. ಶಾಸನಗಳಲ್ಲಿ ಹೆಸರು ಬರುವುದು ಸೆಟ್ಟಿಗಳದ್ದು, ಪಟ್ಟಣಸ್ವಾಮಿಗಳದ್ದು. ಹೇರು ಹೊತ್ತವರ, ನೂಲು ಸುತ್ತಿದ ಹೆಂಗಸರ ಮಾತು ಅಲ್ಲಿ ಸಿಗುವುದು ಅಪರೂಪ. ಸಂಘದಿಂದ ಹೊರಹಾಕುವ ಅಧಿಕಾರ ದೊಡ್ಡವರ ಕೈಯಲ್ಲಿದ್ದರೆ ಅದು ಸಣ್ಣವರ ಮೇಲೆಯೇ ಮೊದಲು ಬೀಳುತ್ತದೆ. ಇದನ್ನು ನಾವು ಊರಲ್ಲಿ ಇವತ್ತಿಗೂ ನೋಡುತ್ತೇವೆ.

ಶರಣರ ಅಳತೆ

ಮಿತಾಕ್ಷರ ಬರೆದ ಅದೇ ಕಲ್ಯಾಣದಲ್ಲಿ ಕೆಲವೇ ದಶಕಗಳ ನಂತರ ಶರಣರು ಬಂದರು. ಬಸವಣ್ಣ ಕಲಿತದ್ದು ನಮ್ಮ ಹುನಗುಂದದ ಕೂಡಲಸಂಗಮದಲ್ಲಿ. ಹಗ್ಗ ಹೊಸೆಯುವ ನುಲಿಯ ಚಂದಯ್ಯ, ಚಪ್ಪಲಿ ಹೊಲಿಯುವ ಹರಳಯ್ಯ ಮುಂತಾದ ದುಡಿಯುವವರೇ ಕಾಯಕದ ನೀತಿ ಏನೆಂದು ತೋರಿಸಿದರು. ಆಯ್ದಕ್ಕಿ ಮಾರಯ್ಯನ ಕಥೆ ನಿಮಗೆ ಗೊತ್ತಿರಬಹುದು. ಒಂದು ದಿನ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ತಂದಾಗ ಹೆಂಡತಿ ಲಕ್ಕಮ್ಮ, ಹೆಚ್ಚಿನದನ್ನು ತಂದಲ್ಲಿಯೇ ಹಾಕಿ ಬರಲು ಹೇಳಿದಳು. ಪಟ್ಟಣಸ್ವಾಮಿ ನೋಡುತ್ತಿರಲಿಲ್ಲ, ದಂಡವೂ ಇರಲಿಲ್ಲ. ಮನೆಯ ಹೆಣ್ಣುಮಗಳೇ ಕೇಳಿದಳು.

ಮತ್ತೆ ಇಳಕಲ್ಲಿಗೆ

ಇಳಕಲ್ ಸೀರೆಯ ಮೈಗೆ ಬೇರೆ ಹಾಸು, ಸೆರಗಿಗೆ ಬೇರೆ ಕೆಂಪು ಹಾಸು. ಎರಡರ ಎಳೆಗಳನ್ನು ಕೊಂಡಿ ಹಾಕಿ ಒಂದೊಂದಾಗಿ ಕೂಡಿಸಬೇಕು. ಆ ತಾಳ್ಮೆಯ ಕೆಲಸಕ್ಕೆ ಬೆಲೆ. ಅದನ್ನು ಕಾಯಲು ಈಗ ಕಾಯ್ದೆಗಳಿವೆ. ಕೆಲವು ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಟ್ಟ 1985ರ ಕಾಯ್ದೆಯಿದೆ. ಇಳಕಲ್ ಸೀರೆಗೆ ಜಿಐ ಟ್ಯಾಗ್ ಸಿಕ್ಕಿದೆ. 2006ರಲ್ಲಿ ಬಂದ ಹ್ಯಾಂಡ್‌ಲೂಮ್ ಮಾರ್ಕ್ ಇದೆ.

ಆದರೂ ನಮ್ಮ ಮನೆಗೆ ಮಷಿನ್ ಸೀರೆ ಕೈಮಗ್ಗದ ರೇಟಿಗೆ ಬಂತು. ಪವರ್‌ಲೂಮ್ ನಡೆಸುವವರೂ ಹೊಟ್ಟೆಪಾಡಿಗೆ ದುಡಿಯುವವರೇ. ಮಷಿನ್ ಸೀರೆಯನ್ನು ಮಷಿನ್ ಸೀರೆ ಎಂದು ಮಾರಿದರೆ ತಕರಾರಿಲ್ಲ. ಹೆಸರು ಬದಲಿಸಿ ಮಾರಿದಾಗ ಕುಣಿ ಮಗ್ಗದಲ್ಲಿ ಕೂತವನ ದುಡಿಮೆ ಕಳುವಾಗುತ್ತದೆ. ಕಾಯ್ದೆ ದೂರದ ಕಚೇರಿಯ ಫೈಲಿನಲ್ಲಿದೆ. ನೇಕಾರರು, ಅಂಗಡಿಯವರು, ಮಷಿನ್ನಿನವರು ಒಂದು ಚಾಪೆಯ ಮೇಲೆ ಕೂತು ‘ಹೀಗೆ ಮಾರಬಾರದು, ಮಾರಿದರೆ ಇದು ದಂಡ’ ಎಂದು ಒಪ್ಪಿದರೆ ಆ ಕಾಯ್ದೆಗೆ ಊರಲ್ಲಿ ಕೈಕಾಲು ಬರುತ್ತದೆ. ಆ ಚಾಪೆಯ ಮೇಲೆ ನೂಲು ಸುತ್ತುವ ಹೆಂಗಸರಿಗೂ ಜಾಗ ಇರಬೇಕು. ಐನೂರ್ವರಲ್ಲಿ ಕಾಣದ ಜಾಗ ಅದು.

ಅಲ್ಲಿಯವರೆಗೆ ನೀವು ಸೀರೆ ಕೊಳ್ಳುವಾಗ ಸೆರಗು ಕೂಡುವ ಕಡೆ ಬೆರಳಾಡಿಸಿ ನೋಡಿ. ಗೊತ್ತಾಗದಿದ್ದರೆ ಓಣಿಯ ನೇಕಾರರನ್ನು ಜೊತೆಗೆ ಕರಕೊಂಡು ಹೋಗಿ. ನಾವು ಮುಂದಿನ ಸಲ ಅಜ್ಜನನ್ನು ಕರಕೊಂಡೇ ಹೋಗುವುದು ಎಂದು ಅವ್ವ ಈಗಲೇ ಹೇಳಿಟ್ಟಿದ್ದಾಳೆ.