ಕಿರೀಟದ ಜಾಗದಲ್ಲಿ ಸಿಂಹ: ಒಂದು ಇಷಾಪುರ ರೈಫಲ್ ಓದೋದು ಹೇಗೆ?

ಕಳೆದ ಚಳಿಗಾಲದಲ್ಲಿ ಟೆಕ್ಸಾಸ್‌ನಲ್ಲಿರುವ ಗೆಳೆಯರೊಬ್ಬರು ವಾಟ್ಸಾಪ್‌ನಲ್ಲಿ ನಾಲ್ಕು ಫೋಟೋ ಕಳಿಸಿದರು. ಗನ್ ಶೋ ಒಂದರಲ್ಲಿ ಮೇಜಿನ ಮೇಲೆ ಮಲಗಿಸಿದ್ದ ಹಳೇ ರೈಫಲ್. ಕಬ್ಬಿಣದ ಮೇಲೆ ಸಣ್ಣದಾಗಿ ಅಶೋಕಸ್ತಂಭದ ಸಿಂಹ, ಅದರ ಕೆಳಗೆ ‘ಆರ್‌ಎಫ್‌ಐ’ ಅನ್ನೋ ಅಕ್ಷರಗಳು, 1966 ಅನ್ನೋ ಇಸವಿ. “ಸಾರ್, ಇದು ನಮ್ಮ ದೇಶದ್ದೇ ಅಲ್ವಾ? ಎರಡನೇ ಮಹಾಯುದ್ಧದ ತ್ರೀ ನಾಟ್ ತ್ರೀಗೆ ಆಮೇಲೆ ಬೇರೆ ನಳಿಗೆ ಹಾಕಿದ್ದು ಅಂತ ಮಾರೋನು ಹೇಳ್ತಿದ್ದಾನೆ. ತಗೊಳ್ಳಲಾ?”

ಮೊದಲ ಪ್ರಶ್ನೆಗೆ ಉತ್ತರ ಹೌದು. ಆದರೆ ಮಾರುವವನು ಹೇಳಿದ ಕಥೆ ತಪ್ಪು. ಅದು ಯಾಕೆ ತಪ್ಪು ಅಂತ ತಿಳಿಯೋಕೆ ಈ ರೈಫಲ್ ಹುಟ್ಟಿದ ಊರಿಗೆ ಹೋಗಬೇಕು.

ಕೋಲ್ಕತ್ತಾದ ಉತ್ತರಕ್ಕೆ, ಹೂಗ್ಲಿ ನದಿಯ ದಡದಲ್ಲಿ ಇಷಾಪುರ ಇದೆ. ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿ ಅಲ್ಲಿ ಮದ್ದಿನ ಕಾರ್ಖಾನೆ ಇತ್ತು. ಅದೇ ಜಾಗದಲ್ಲಿ 1904ರಲ್ಲಿ ರೈಫಲ್ ಫ್ಯಾಕ್ಟರಿ ಶುರುವಾಯಿತು. ಅಲ್ಲಿ ತಯಾರಾಗಿದ್ದು ‘ಶಾರ್ಟ್ ಮ್ಯಾಗಜೀನ್ ಲೀ ಎನ್‌ಫೀಲ್ಡ್’. ಲೀ ಅಂದರೆ ಇದರ ಬೋಲ್ಟ್ ಮತ್ತು ಮ್ಯಾಗಜೀನಿನ ವಿನ್ಯಾಸ ಮಾಡಿದ ಜೇಮ್ಸ್ ಪ್ಯಾರಿಸ್ ಲೀ. ಎನ್‌ಫೀಲ್ಡ್ ಅಂದರೆ ಲಂಡನ್ ಹತ್ತಿರದ ಸರ್ಕಾರಿ ಬಂದೂಕು ಕಾರ್ಖಾನೆ ಇದ್ದ ಊರು. ನಳಿಗೆಯ ಅಳತೆ .303 ಇಂಚು, ಮ್ಯಾಗಜೀನಿನಲ್ಲಿ 10 ತೋಟಾ. ಊರಲ್ಲಿ ಬೆಳೆದವರಿಗೆ ಇದನ್ನು ಪರಿಚಯ ಮಾಡಿಕೊಡಬೇಕಿಲ್ಲ. ಪೊಲೀಸ್ ಸ್ಟೇಷನ್ ಬಾಗಿಲಲ್ಲಿ ಪೇದೆ ಹಿಡಿದು ನಿಲ್ಲುತ್ತಿದ್ದ, ಆಯುಧಪೂಜೆ ದಿನ ಕುಂಕುಮ ಹಚ್ಚಿಸಿಕೊಳ್ಳುತ್ತಿದ್ದ ಆ ‘ತ್ರೀ ನಾಟ್ ತ್ರೀ’ ಇದೇ.

ಈಗ ಗುರುತುಗಳಿಗೆ ಬರೋಣ. ರೈಫಲ್‌ನ ಬಲಗಡೆ, ಬೋಲ್ಟ್‌ನ ಹಿಡಿಯ ಕೆಳಗೆ, ಮರದ ಬಟ್ ಬಂದು ಕೂರುವ ಕಬ್ಬಿಣದ ಭಾಗ ನೋಡಿ. ಬ್ರಿಟಿಷರ ಕಾಲದ್ದಾದರೆ ಅಲ್ಲಿ ಕಿರೀಟ, ಕಿರೀಟದ ಕೆಳಗೆ ‘ಜಿಆರ್‌ಐ’, ಆಮೇಲೆ ಇಷಾಪುರದ ಹೆಸರು, ಇಸವಿ, ಮಾದರಿ. ಜಿಆರ್‌ಐ ಅಂದರೆ ಲ್ಯಾಟಿನ್‌ನಲ್ಲಿ ಜಾರ್ಜ್, ರಾಜ, ಚಕ್ರವರ್ತಿ. ಇಂಗ್ಲೆಂಡಿನಲ್ಲೇ ತಯಾರಾದ ರೈಫಲ್ ಮೇಲೆ ಬರೀ ‘ಜಿಆರ್’ ಇರುತ್ತೆ, ಯಾಕೆಂದರೆ ಜಾರ್ಜ್ ಅಲ್ಲಿ ರಾಜ, ನಮ್ಮಲ್ಲಿ ಚಕ್ರವರ್ತಿ. ಆ ಬಿರುದನ್ನು ಅಧಿಕೃತವಾಗಿ ಬಿಟ್ಟಿದ್ದು 1948ರಲ್ಲಿ. ಭಾರತ ಗಣರಾಜ್ಯವಾದ ಮೇಲೆ ಕಿರೀಟದ ಜಾಗಕ್ಕೆ ಅಶೋಕನ ಸಿಂಹ ಬಂತು. ಫ್ಯಾಕ್ಟರಿ ಅದೇ, ರೈಫಲ್ ಕೂಡ ಬಹುಮಟ್ಟಿಗೆ ಅದೇ.

ಹಾಗಾದರೆ ಗೆಳೆಯರು ನೋಡಿದ 1966ರ ರೈಫಲ್ ಯಾವುದು? ಗುರುತಿನ ಮುಂದುವರಿಕೆಯಲ್ಲಿ ‘7.62 ಎಂಎಂ 2ಎ1’ ಅಂತ ಇತ್ತು. ಇದು ಹಳೇ .303ಗೆ ಬೇರೆ ನಳಿಗೆ ಹಾಕಿದ್ದಲ್ಲ. ಹೊಸ ತೋಟಾಗಾಗಿ, ಹೆಚ್ಚು ಗಟ್ಟಿಯಾದ ಉಕ್ಕಿನಿಂದ ಹೊಸದಾಗಿಯೇ ಮಾಡಿದ್ದು. ಪರೀಕ್ಷೆ ಸುಲಭ: .303ರ ಮ್ಯಾಗಜೀನಿನ ತಳ ಇಳಿಜಾರಾಗಿರುತ್ತೆ, 2ಎ1ರದ್ದು ಚೌಕ, 12 ತೋಟಾ ಹಿಡಿಯುತ್ತೆ. ಮೊದಲು ಬಂದ 2ಎಯಲ್ಲಿ ಗುರಿಪಟ್ಟಿ 2,000 ಮೀಟರ್‌ವರೆಗೆ ಇತ್ತು. ಅಷ್ಟು ದೂರ ಯಾರೂ ಗುರಿ ಇಡಲ್ಲ ಅಂತ ಅದನ್ನು 800ಕ್ಕೆ ಇಳಿಸಿದಾಗ ಅದು 2ಎ1 ಆಯಿತು.

ಇದು ಹುಟ್ಟಿದ ಕಾರಣ 1962. ಆ ವರ್ಷ ಹಿಮಾಲಯದಲ್ಲಿ ನಮ್ಮ ಸೈನಿಕರು ಹೋರಾಡಿದ್ದು ಹೆಚ್ಚಾಗಿ .303 ಹಿಡಿದು, ಪ್ರತಿ ಗುಂಡಿಗೂ ಬೋಲ್ಟ್ ಎಳೆದು ತಳ್ಳುತ್ತಾ. ಎದುರಿಗೆ ಚೀನಾದ ಸೈನ್ಯದ ಬಳಿ ತಾನೇ ತೋಟಾ ತುಂಬಿಕೊಳ್ಳುವ ಬಂದೂಕುಗಳಿದ್ದವು. ನವೆಂಬರ್ 18ರಂದು ರೆಜಾಂಗ್ ಲಾದಲ್ಲಿ ಮೇಜರ್ ಶೈತಾನ್ ಸಿಂಗ್ ಮತ್ತು ಅವರ ಕುಮಾವೂ ರೆಜಿಮೆಂಟಿನ ಕಂಪನಿ ಕೊನೆವರೆಗೂ ಹೋರಾಡಿದ್ದು ಇದೇ ಸ್ಥಿತಿಯಲ್ಲಿ. ಯುದ್ಧ ಮುಗಿದ ಮೇಲೆ ಸೈನ್ಯಕ್ಕೆ 7.62ರ ಹೊಸ ಸೆಲ್ಫ್ ಲೋಡಿಂಗ್ ರೈಫಲ್ ‘1ಎ’ ಬರತೊಡಗಿತು. ಆದರೆ ಅದನ್ನು ಎಲ್ಲರಿಗೂ ಸಾಕಾಗುವಷ್ಟು ಮಾಡೋಕೆ ಸಮಯ ಬೇಕು. ಅಲ್ಲಿವರೆಗೆ ಗೊತ್ತಿರುವ ಯಂತ್ರಗಳಲ್ಲಿ, ಗೊತ್ತಿರುವ ವಿನ್ಯಾಸದಲ್ಲಿ, ಹೊಸ ತೋಟಾ ಹಾರಿಸುವ ಒಂದು ರೈಫಲ್ ಇರಲಿ ಅಂತ ಮಾಡಿದ್ದು 2ಎ. ಅವಸರದಲ್ಲಿದ್ದ ದೇಶವೊಂದು ಕೈಗೆ ಸಿಕ್ಕಿದ್ದರಲ್ಲಿ ಮಾಡಿಕೊಂಡ ಏರ್ಪಾಡು ಅದು. ಮಾರುವವನ ‘ಮಹಾಯುದ್ಧದ ರೈಫಲ್’ ಕಥೆಯಲ್ಲಿ ಈ ಇಡೀ ಅಧ್ಯಾಯ ಅಳಿಸಿ ಹೋಗುತ್ತೆ.

ಇನ್ನು ಎರಡನೇ ಪ್ರಶ್ನೆ: ಸ್ಥಿತಿ ಹೇಗಿದೆ?

ಮೊದಲು ನಂಬರ್ ನೋಡಬೇಕು. ಬಂದೂಕಿನ ಮೈಮೇಲಿನ ನಂಬರ್, ಬೋಲ್ಟ್ ಹಿಡಿಯ ಹಿಂಭಾಗದ ನಂಬರ್ ಎರಡೂ ಒಂದೇ ಆಗಿರಬೇಕು. ಬೇರೆ ಬೋಲ್ಟ್ ಇದ್ದರೆ ಬೆಲೆಯೂ ಕಡಿಮೆ, ಅಪಾಯವೂ ಉಂಟು. ತೋಟಾ ಕೂರುವ ಜಾಗದ ಅಳತೆ ಸರಿಯಿದೆಯಾ ಅಂತ ಗೇಜ್ ಇಟ್ಟು ನೋಡೋದು ಗನ್‌ಸ್ಮಿತ್ ಕೆಲಸ. ಅದಾಗದೆ ಗುಂಡು ಹಾರಿಸಬಾರದು. ಆಮೇಲೆ ನಳಿಗೆಯೊಳಗೆ ದೀಪ ಹಿಡಿದು ನೋಡಿ. ಹಳೇ ತೋಟಾಗಳ ಮದ್ದು ಹೊತ್ತಿಸುವ ಪ್ರೈಮರ್ ಉಪ್ಪಿನಂಥ ಶೇಷ ಬಿಡುತ್ತಿತ್ತು. ತೊಳೆಯದೆ ಬಿಟ್ಟರೆ ತುಕ್ಕು ತಿಂದು ಒಳಗೆ ಗುಳಿ ಬೀಳುತ್ತೆ. ಮುಂದಿನ ಮರ ಕತ್ತರಿಸಿದ್ದರೆ ಯಾರೋ ಅದನ್ನು ಬೇಟೆಗೆ ಹಗುರ ಮಾಡಿಕೊಂಡಿದ್ದಾರೆ ಅಂತ ಅರ್ಥ. ಅಮೆರಿಕದಲ್ಲಿ 2ಎ1ಗಳನ್ನೇ ಗಿಡ್ಡ ಮಾಡಿ ‘ಜಂಗಲ್ ಕಾರ್ಬೈನ್’ ಅಂತ ಮಾರಿದ್ದೂ ಉಂಟು. ಸೈನ್ಯ ಅಂಥದ್ದನ್ನು ಬಳಸಲೇ ಇಲ್ಲ. ನಳಿಗೆ ಮೇಲೆ ಆಮದುದಾರರ ಹೆಸರು, ಊರು ಕೊರೆದಿದ್ದರೆ ಗಾಬರಿ ಬೇಡ, 1968ರ ನಂತರ ಅಮೆರಿಕಕ್ಕೆ ತರುವ ಬಂದೂಕಿಗೆ ಆ ಗುರುತು ಕಾನೂನು ಪ್ರಕಾರ ಬೇಕು.

ಆದರೆ ಭಾರತದ ರೈಫಲ್‌ಗಳಲ್ಲಿ ರಿಪೇರಿಯನ್ನೇ ಕುಂದು ಅಂದುಕೊಂಡರೆ ತಪ್ಪಾಗುತ್ತೆ. ಮರ ಸೀಳದಿರಲಿ ಅಂತ ಮ್ಯಾಗಜೀನಿನ ಮುಂದೆ ಅಡ್ಡಲಾಗಿ ಹಾಕಿದ ಸ್ಕ್ರೂವನ್ನು ಸಂಗ್ರಾಹಕರು ‘ಇಷಾಪುರ ಸ್ಕ್ರೂ’ ಅಂತಲೇ ಕರೀತಾರೆ. ಮರಕ್ಕೆ ತಂತಿ ಸುತ್ತಿದ್ದರೆ ಅದು ಗ್ರೆನೇಡ್ ಹಾರಿಸಲು ಬಳಸಿದ್ದು. ‘ಡಿಪಿ’ ಅಂತ ಹೊಡೆದಿದ್ದರೆ ಕವಾಯತಿಗೆ ಮಾತ್ರ, ಗುಂಡು ಹಾರಿಸುವಂತಿಲ್ಲ. ಇನ್ನು ಕೆಲವು .303ಗಳ ನಳಿಗೆಯ ಒಳಗೀರು ಕೊರೆದು ತೆಗೆದು, ಮ್ಯಾಗಜೀನಿಗೆ ಮರದ ತುಂಡು ತುಂಬಿ, ಒಂದೊಂದೇ ತೋಟಾ ಹಾಕುವ .410 ಮಸ್ಕೆಟ್ ಮಾಡಿದ್ದಾರೆ. ಅವು ಪೊಲೀಸರಿಗೆ, ಕಾವಲುಗಾರರಿಗೆ. ಇದರ ಬೇರು ಹಳೆಯದು: 1857ರ ದಂಗೆಯ ನಂತರ ಬ್ರಿಟಿಷರು ಭಾರತೀಯ ಸಿಪಾಯಿಗಳಿಗೆ ಒಳಗೀರಿಲ್ಲದ, ದೂರಕ್ಕೆ ಗುರಿ ಸಾಲದ ಬಂದೂಕು ಕೊಟ್ಟು, ಒಳ್ಳೆಯದನ್ನು ಗೋರಾ ಸೈನಿಕರಿಗೆ ಇಟ್ಟುಕೊಂಡರು. ಆ ಅಪನಂಬಿಕೆಯನ್ನು ಈ ನಳಿಗೆಯೊಳಗೆ ಬೆರಳಿಟ್ಟೇ ಮುಟ್ಟಿ ನೋಡಬಹುದು.

ಗೆಳೆಯರು ರೈಫಲ್ ತಗೊಂಡರು. ನಂಬರ್ ಹೊಂದುತ್ತಿತ್ತು, ಮೈಮೇಲೆ ಫ್ಯಾಕ್ಟರಿಯ ಕಪ್ಪು ಬಣ್ಣ ಅಲ್ಲಲ್ಲಿ ಎದ್ದಿತ್ತು, ಬಟ್‌ನಲ್ಲಿ ತೇಪೆ ಹಾಕಿದ ಗುರುತಿತ್ತು. ಎರಡು ವಾರದ ನಂತರ ಮತ್ತೆ ಫೋನ್. ಅವರ ಹದಿಮೂರು ವರ್ಷದ ಮಗಳು ಕೇಳಿದಳಂತೆ, “ಅಪ್ಪ, ಇದರಿಂದ ಯಾರಿಗಾದ್ರೂ ಹೊಡೆದಿದ್ದಾರಾ?” ಏನು ಹೇಳಲಿ ಸಾರ್ ಅಂದರು.

ಗುರುತುಗಳು ಹೇಳೋದು ಎಲ್ಲಿ ಹುಟ್ಟಿತು, ಎಲ್ಲಿ ರಿಪೇರಿಯಾಯಿತು, ಯಾವ ದಾರಿಯಲ್ಲಿ ಬಂತು ಅಂತ. ಯಾರ ಕೈಯಲ್ಲಿತ್ತು, ಯಾರ ಕಡೆ ತಿರುಗಿತ್ತು ಅನ್ನೋದು ಕಬ್ಬಿಣದ ಮೇಲೆ ಬರೆದಿರಲ್ಲ. ಆದರೆ ಇದರ ವಂಶದ ಕಥೆ ಅವಳಿಗೆ ಹೇಳಬಹುದು. 1919ರ ಏಪ್ರಿಲ್ 13ರಂದು ಜಲಿಯನ್‌ವಾಲಾ ಬಾಗ್‌ನಲ್ಲಿ 50 ಸಿಪಾಯಿಗಳು 1,650 ಗುಂಡು ಹಾರಿಸಿದ್ದು .303 ರೈಫಲ್‌ಗಳಿಂದ. ಎರಡನೇ ಮಹಾಯುದ್ಧದಲ್ಲಿ ಸೇನೆ ಸೇರಿದ 25 ಲಕ್ಷ ಭಾರತೀಯರಲ್ಲಿ ಅನೇಕರು ಹಿಡಿದಿದ್ದು ಇದನ್ನೇ. ರೆಜಾಂಗ್ ಲಾದಲ್ಲೂ ಇದೇ. ಉತ್ತರ ಪ್ರದೇಶದ ಪೊಲೀಸರು ಇದಕ್ಕೆ ವಿದಾಯ ಹೇಳಿದ್ದು ತೀರಾ ಈಚೆಗೆ, 2020ರ ಗಣರಾಜ್ಯೋತ್ಸವದಂದು.

“ಇದಿಷ್ಟನ್ನೂ ಅವಳಿಗೆ ಹೇಳಿ, ಜಲಿಯನ್‌ವಾಲಾ ಬಾಗ್ ಬಿಡಬೇಡಿ” ಅಂದೆ. ಆ ರಾತ್ರಿ ಅಪ್ಪ ಮಗಳು ಭೂತಗನ್ನಡಿ ಹಿಡಿದು ಕೂತು ಎಲ್ಲಾ ಗುರುತುಗಳನ್ನೂ ಕಾಗದದ ಮೇಲೆ ಬರೆದುಕೊಂಡರಂತೆ. ಕೊನೆಯಲ್ಲಿ ಅವಳು ಒಂದು ಸಾಲು ಖಾಲಿ ಬಿಟ್ಟು ‘ಹಿಡಿದವರು:’ ಅಂತ ಬರೆದಿದ್ದಾಳೆ. ಆ ಕಾಗದ ಈಗ ಬಂದೂಕಿನ ಪೆಟ್ಟಿಗೆಯಲ್ಲೇ ಇದೆ.